ಬೆಟ್ಟದ ಆಚೆ ಮಗ್ಗುಲು

“ಯಾರು, ಆ ಕ್ಯಾತನ ಹೆಂಡ್ತಿಯಾ ನೀನು?” ಮುರುಗೇಂದ್ರಪ್ಪಗೌಡರು ಕುರ್ಚಿಯಿಂದ ಏಳದೆಯೇ ಪಾತಮ್ಮನನ್ನು ಒಮ್ಮೆ ನೋಡಿದರು. ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈಯಲ್ಲಿ ಹಸಿರು ಬಳೆ. “ಅವ್ನೆಲ್ಲಿ? ಹೆದ್ರಿಕೊಂಡು ನಿನ್ನ ಕಳ್ಸಿದ್ನಾ?”

ಪಾತಮ್ಮನ ಗಂಡ ಕ್ಯಾತಪ್ಪ ಜ್ವರ ಬಂದು ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಹಟ್ಟಿಯ ಗೊಲ್ಲರಲ್ಲಿ ಗಂಡ ಸತ್ತರೆ ಹೆಂಗಸರು ಬಳೆ ಒಡೆಯುವುದಿಲ್ಲ, ಕುಂಕುಮ ಅಳಿಸುವುದಿಲ್ಲ. ಗೌಡರಿಗೆ ಅದೆಲ್ಲಿ ಗೊತ್ತಿರಬೇಕು? ಅವರ ಲೆಕ್ಕದಲ್ಲಿ ಕ್ಯಾತಪ್ಪ ಗಟ್ಟಿಮುಟ್ಟಾಗಿ ಬದುಕಿಯೇ ಇದ್ದ. ಹೇಳಿಬಿಡೋಣವೆಂದುಕೊಂಡಳು, ಆದರೆ ‘ಹೆದ್ರಿಕೊಂಡು’ ಎಂಬ ಮಾತು ಅಡ್ಡ ಬಂತು.

ಹುಟ್ಟಿದಾಗಿನಿಂದ ಬೆಟ್ಟದ ಒಂದೇ ಮಗ್ಗುಲು ನೋಡಿದವಳು ಅವಳು. ನನ್ನಿವಾಳದ ಕಡೆಯ ಹಟ್ಟಿ, ಹಟ್ಟಿಗೆ ಮುಳ್ಳುಬೇಲಿ, ಬೇಲಿಯಾಚೆ ಬೆಟ್ಟ. ಅಲ್ಲಿಗೆ ಅವಳ ಲೋಕ ಮುಗಿಯಿತು. ಆಚೆಯದೆಲ್ಲ ಕ್ಯಾತಪ್ಪನ ಪಾಲು. ಶೇಂಗಾ ಕಿತ್ತ ಮೇಲೆ ವರ್ಷಕ್ಕೊಮ್ಮೆ ಕುರಿ ಹೊಡೆದುಕೊಂಡು ಬಿ.ಜಿ. ಕೆರೆಯ ಕಡೆ ಇಳಿಯುತ್ತಿದ್ದ. ಖಾಲಿ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗೆ ಮೇವು, ಕುರಿಯವನಿಗೆ ಒಂದಿಷ್ಟು ಕಾಳು. ತಿರುಗಿ ಬಂದ ಮೇಲೆ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಬೇಸಿಗೆಯಲ್ಲೂ ಬತ್ತದ ದೊಣೆ ಐತೆ, ಕರಡಿ ಮಲಗೋ ಗವಿ ಐತೆ, ತುದಿಗೆ ನಿಂತ್ರೆ ಆಂಧ್ರದ ಊರು ಕಾಣ್ತಾವೆ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನ ಹೊಲದೊಡೆಯ ಮುರುಗೇಂದ್ರಪ್ಪಗೌಡರ ಸುದ್ದಿ. “ನನ್ನ ಕಂಡ್ರೆ ಕುಂತೋರು ಎದ್ದು ಬರ್ತಾರೆ ಕಣೇ. ಪಕ್ಕದಾಗೆ ಕುಂಡ್ರಿಸ್ಕೊಂಡು ಮಾತಾಡಿಸ್ತಾರೆ” ಅನ್ನುತ್ತಿದ್ದ.

ಎರಡು ವರ್ಷದ ಹಿಂದೆ ಅಲ್ಲಿಂದ ಕುಂಟುತ್ತ ಬಂದ. ಬಂಡೆಯಿಂದ ಜಾರಿಬಿದ್ದೆ ಅಂದ. ಆಮೇಲೆ ಅತ್ತ ತಲೆ ಹಾಕಲಿಲ್ಲ. ಈಚೆ ಮಗ್ಗುಲಲ್ಲೇ ಅಲೆದು ಕುರಿಗಳ ಪಕ್ಕೆಲುಬು ಎಣಿಸುವಂತಾಯಿತು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಮಂದೆಯೇ ಇರುವುದಿಲ್ಲವೆಂದು ಪಾತಮ್ಮ ಓರಗಿತ್ತಿ ರಂಗಕ್ಕನನ್ನು ಕರೆದುಕೊಂಡು ಹೊರಟೇಬಿಟ್ಟಿದ್ದಳು. ದಾರಿಯುದ್ದಕ್ಕೂ ಗಂಡನ ಮಾತು ಒಂದೊಂದಾಗಿ ನಿಜವಾಗುತ್ತ ಬಂತು. ದೊಣೆಯಲ್ಲಿ ನೀರಿತ್ತು. ಗವಿ ಇತ್ತು. ಗಾಳಿ ಕರೆಂಟಿನ ಫ್ಯಾನುಗಳ ಸಂದಿಯಲ್ಲಿ ಆಂಧ್ರದ ಊರುಗಳೂ ಕಂಡವು. “ಸುಳ್ಳುಬುರುಕ ಅಂತಿದ್ದೆ, ನೋಡಕ್ಕಾ” ಎಂದು ನಕ್ಕಿದ್ದಳು ಕೂಡ. ಬೆಟ್ಟದ ಬುಡದಲ್ಲಿ ಕುರಿಗಳನ್ನು ರಂಗಕ್ಕನ ಹತ್ತಿರ ಬಿಟ್ಟು, ಗೌಡರ ಮನೆ ಕೇಳಿಕೊಂಡು ಒಬ್ಬಳೇ ಊರೊಳಗೆ ಬಂದಿದ್ದಳು.

“ಹೆದ್ರಿಕೆ ಯಾಕೆ ಗೌಡ್ರೇ?” ಎಂದಳು.

“ಹೇಳಿಲ್ವಾ ನಿಂಗೆ?” ಗೌಡರಿಗೆ ಹುರುಪು ಬಂತು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. “ಏ ಗೀತಾ, ಬಾರೇ ಇಲ್ಲಿ. ನಮ್ಮ ಬೇವಿನ ಮರದ ಗಿರಾಕಿ ಹೆಂಡ್ತಿ ಬಂದವ್ಳೆ!” ಆಮೇಲೆ ಅಂಗಳದ ಮರದತ್ತ ಕೈ ತೋರಿಸಿದರು. “ಕುರಿನ ಇನ್ನೂ ಕೀಳದಿದ್ದ ಶೇಂಗಾಕ್ಕೆ ಬಿಟ್ಟು ನಿದ್ದೆ ಹೊಡೀತಿದ್ದ. ಎಳ್ಕೊಂಡು ಬಂದು ಇದಕ್ಕೇ ಕಟ್ಟಾಕಿ ಮೊಣಕಾಲಿಗೆ ನಾಲ್ಕು ಬಿಟ್ಟೆ. ‘ಹಟ್ಟಿಗೆ ಮಾತ್ರ ಹೇಳಬ್ಯಾಡ್ರಿ ಸ್ವಾಮಿ’ ಅಂತ ಅಳೋಕೆ ಹತ್ತಿದ ನೋಡು, ಊರೆಲ್ಲ ನಿಂತ್ಕೊಂಡು ನಗೋದೇ!”

“ಬಿಡ್ರಿ, ಹಳೇದು. ಆಯಮ್ಮನ ಮುಂದೆ ಯಾಕೆ?” ಬಾಗಿಲಲ್ಲಿ ನಿಂತ ಗೀತಮ್ಮ ಅಂದಳು. ಅಂದವಳ ತುಟಿಯಲ್ಲೂ ನಗೆಯಿತ್ತು.

ಪಾತಮ್ಮನಿಗೆ ಸಿಟ್ಟು ಬಂತು. ಮೊದಲು ಬಂದದ್ದು ಗಂಡನ ಮೇಲೆಯೇ. ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದವನು ಇದೊಂದನ್ನು ಹೇಳದೆ ಹೋದನಲ್ಲ. ಕುಂಟುವಾಗ “ಕುಡಿದು ಬಿದ್ದಿರ್ತೀಯ ಬಿಡು” ಎಂದು ತಾನೇ ಹಂಗಿಸಿದ್ದು ನೆನಪಾಯಿತು. ಆದರೂ ಬಂದ ಕೆಲಸ ಬಿಡುವ ಹಾಗಿರಲಿಲ್ಲ.

“ಕುರಿ ಸೊರಗ್ಯಾವೆ ಗೌಡ್ರೇ. ಹೊಲ ಖಾಲಿ ಐತೆ. ನಾಲ್ಕು ದಿನ ಮಂದೆ ನಿಲ್ಸೋಕೆ ಬಿಡ್ರಿ. ಕಾಳೂ ಬ್ಯಾಡ.”

“ನಿಲ್ಸು, ಯಾರು ಬ್ಯಾಡ ಅಂದ್ರು? ನಮಗೂ ಗೊಬ್ಬರ ಬೇಕು. ಕಾಳೂ ಕೊಡ್ತೀನಿ.” ಗೌಡರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. “ಆದ್ರೆ ಹೆಂಗಸರ ಹತ್ರ ಈ ಮಾತಲ್ಲ. ಅವ್ನೇ ಬರ್ಲಿ. ಈ ಮರದ ಕೆಳಗೆ ನಿಂತು ‘ತಪ್ಪಾತು’ ಅಂತ ಕೈ ಮುಗೀಲಿ. ಇವತ್ತೇ ಮಂದೆ ಹೊಡ್ಕೊಂಡು ಬರ್ಲಿ.”

ಒಂದೇ ಒಂದು ಮಾತು ಸಾಕಿತ್ತು. ಗೌಡರು ಅಯ್ಯೋ ಪಾಪ ಅನ್ನುತ್ತಿದ್ದರು. ಗೀತಮ್ಮ ಉಂಡು ಹೋಗು ಅನ್ನುತ್ತಿದ್ದಳು. ಸಂಜೆಯೊಳಗೆ ಕುರಿಗಳಿಗೆ ಹೊಲ ಸಿಗುತ್ತಿತ್ತು. ಆ ಮಾತು ಪಾತಮ್ಮನ ನಾಲಿಗೆಯ ತುದಿಯವರೆಗೂ ಬಂತು. ಇಷ್ಟು ನಕ್ಕವರ ಬಾಯಲ್ಲಿ ತನ್ನ ಗಂಡ ಪಾಪದವನೂ ಆಗಬೇಕೇ ಅನ್ನಿಸಿ ಅದನ್ನು ನುಂಗಿಕೊಂಡಳು.

“ಆಗಲ್ಲ ಗೌಡ್ರೇ. ಅವ್ನು ಇನ್ಮೇಲೆ ಯಾರ ಮುಂದೂ ಕೈ ಮುಗಿಯಲ್ಲ.”

“ಓಹೋ! ಅಷ್ಟು ಕೊಬ್ಬು ಬಂದೈತಾ ಅವ್ನಿಗೆ?”

“ಹ್ಞೂಂ,” ಎಂದಳು ಪಾತಮ್ಮ. “ಬಾಳ ಐತೆ.”

ಗೌಡರ ಮುಖದ ನಗೆ ಇಂಗಿಹೋಯಿತು. “ಹಂಗಾದ್ರೆ ನಡಿ. ನಮ್ಮೂರಿನ ಒಂದು ಹೊಲಕ್ಕೂ ನಿಮ್ಮ ಕುರಿ ಇಳಿಯಂಗಿಲ್ಲ, ಹೇಳು ಅವ್ನಿಗೆ.”

“ಹೇಳ್ತೀನಿ” ಎಂದು ಅವಳು ತಿರುಗಿ ನಡೆದಳು.

ರಂಗಕ್ಕ ದೂರದಿಂದಲೇ “ಏನಂದ್ರು ಗೌಡ್ರು?” ಎಂದು ಕೂಗಿದಳು. ಪಾತಮ್ಮ ಹತ್ತಿರ ಬಂದು ಬಂಡೆಗೆ ಒರಗಿಸಿದ್ದ ಕೋಲು ಎತ್ತಿಕೊಂಡಳು.

“ಮುಂದಿನೂರು ನೋಡಾಣ ನಡಿಯಕ್ಕಾ.”

“ಯಾವೂರು?”

ಅಲ್ಲಿಂದಾಚೆಗಿನ ಊರಿನ ಹೆಸರನ್ನು ಕ್ಯಾತಪ್ಪ ಯಾವತ್ತೂ ಹೇಳಿರಲಿಲ್ಲ. ಸುಡುಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು, ಎಬ್ಬಿಸಿದರೂ ಕದಲದೆ ನಿಂತಿದ್ದವು.