ಸೊಂಟದೆಲುಬಿನ ಪಾಲು

ಕಮ್ಶಾತ್ ವಕೀಲರನ್ನು ಇಟ್ಟುಕೊಂಡಿರಲಿಲ್ಲ. ದಿವಾಳಿ ಅರ್ಜಿ ಹಾಕಿದ ಮನೆಗೆ ವಕೀಲನೊಂದು ಬೇರೆ ಕೇಡು ಎಂದು ಕಜಾಖರ ಊರು ಕರ್ಕರಾಲಿಯ ಕೋರ್ಟಿನಲ್ಲಿ ತಾನೇ ನಿಂತಿದ್ದಳು. ಮಾವ ಬೆಕ್ತೆಮಿರ್‌ನ ಸಾಲವೆಲ್ಲ ಇನ್ನೇನು ಮನ್ನಾ ಆಗುವುದರಲ್ಲಿತ್ತು. ಸಾಲ ಕೊಟ್ಟವರಲ್ಲಿ ಅಡ್ಡಗಾಲು ಹಾಕಿದವನು ಎಸಿಂಖಾನ್ ಒಬ್ಬನೇ. ಮೋಸದಿಂದ ಎತ್ತಿದ ಸಾಲ ಮನ್ನಾ ಆಗದು. ಈ ಮುದುಕ ಇಲ್ಲದ ಕುದುರೆಯನ್ನು ಅಡವಿಟ್ಟು ಹಣ ಪಡೆದ ಎಂಬುದು ಅವನ ವಾದ. ಅವನು ಗೆದ್ದರೆ ಮಾವನಿಗೆ ಮೋಸಗಾರನೆಂಬ ಹೆಸರು, ಮನೆ ಎಸಿಂಖಾನ್‌ನ ಪಾಲು.

ಕುದುರೆ ಇರಲಿಲ್ಲ ಎಂಬುದೇನೋ ನಿಜ. ಕುಲಾ ಎಂಬ ಆ ಹೆಣ್ಣುಕುದುರೆಯನ್ನು ತೀರಿಹೋದ ಅತ್ತೆ ಕುಲ್ಜಾನಳ ವರ್ಷದೂಟಕ್ಕೆ ಕಡಿದಿದ್ದರು. ಅಷ್ಟರಲ್ಲಾಗಲೇ ಮಾವನ ನೆನಪು ಸೋರಲು ಶುರುವಾಗಿತ್ತು. ಹೆಂಡತಿ ಎಲ್ಲಿ ಎಂದು ಕೇಳುವನು. ಸತ್ತಳು ಎಂದರೆ ಪ್ರತಿ ಸಲವೂ ಹೊಸದಾಗಿ ಅಳುವನು. ಕೊನೆಗೆ ಮನೆಯವರೆಲ್ಲ ಒಂದೇ ಮಾತಿಗೆ ಬಂದರು: ತವರಿಗೆ ಹೋಗಿದ್ದಾಳೆ. ಅಂಥವನಿಗೆ ಎಸಿಂಖಾನ್ ಕರೆದು ಸಾಲ ಕೊಟ್ಟ. ಆ ಹಣವನ್ನು ಬ್ಯಾಂಕಿನವನೆಂದು ಫೋನ್ ಮಾಡಿದ ಯಾವನೋ ಕಳ್ಳ ನುಂಗಿ ನೀರು ಕುಡಿದ.

ಕಮ್ಶಾತ್ ಹೆದರುವ ಹೆಣ್ಣಲ್ಲ. ಇದ್ದದ್ದು ಒಂದೇ ಅಳುಕು, ಕುದುರೆ ಕಡಿದದ್ದು ಯಾಕೆಂದು ಮಾವನ ಎದುರಿಗೇ ಹೇಳಬೇಕಾದೀತಲ್ಲ ಎಂದು. ಅವನನ್ನು ಹೊರಗೆ ಕೂರಿಸಿ ಎಂದು ಕೇಳಿಕೊಂಡಿದ್ದಳು. ಎಸಿಂಖಾನ್‌ನ ವಕೀಲ ಬಿಡಲಿಲ್ಲ.

"ಇವರ ಬುದ್ಧಿ ನೆಟ್ಟಗಿಲ್ಲ ಅಂತೀರಿ. ನಾವೂ ನೋಡೋಣ. ಹಿರಿಯರೇ, ನಿಮ್ಮ ಏಳು ತಲೆಮಾರಿನ ಹೆಸರು ಹೇಳ್ತೀರಾ?"

ಬೆಕ್ತೆಮಿರ್ ಸೆಟೆದು ಕೂತ. ಅಪ್ಪನಿಂದ ಹಿಡಿದು ಏಳನೆಯವನವರೆಗೆ ಒಂದೇ ಉಸಿರಿಗೆ ಹೇಳಿದ. ಯಾರೂ ಕೇಳದಿದ್ದರೂ ಎಂಟನೆಯವನನ್ನೂ ಸೇರಿಸಿದ. ವಕೀಲನ ಮುಖ ಊರಗಲವಾಯಿತು.

"ಮಾವ, ನಮ್ಮ ಕುಲಾ ಎಲ್ಲಿದೆ?" ಎಂದಳು ಕಮ್ಶಾತ್.

"ಇದೇನ್ ಕೇಳ್ತೀಯಮ್ಮ? ಮನೇಲಿ ಕಟ್ಟಿದೆ. ನಿಮ್ಮತ್ತೆ ತವರಿಂದ ಬಂದು ಹಾಲು ಕರೀಬೇಕು. ಬೇರೆಯವರ ಕೈಗೆ ಅದು ನಿಲ್ಲಲ್ಲ."

"ನಾಟಕ," ಎಂದ ಎಸಿಂಖಾನ್. "ಕಲಿಸಿ ಕರ್ಕೊಂಡ್ ಬಂದಿದ್ದಾಳೆ. ಕುದುರೆ ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಉಂಡ ಮನೆಯ ಜಂತೆ ಎಣಿಸುವವರನ್ನು ಕಮ್ಶಾತ್ ಕಂಡಿದ್ದಳು. ಉಂಡದ್ದನ್ನೇ ಅಲ್ಲಗಳೆಯುವವನನ್ನು ಕಂಡದ್ದು ಇವತ್ತೇ. ಇನ್ನು ಬೇರೆ ದಾರಿಯಿರಲಿಲ್ಲ. ಮಾವನ ಕೈ ಹಿಡಿದುಕೊಂಡೇ ಹೇಳಿದಳು:

"ಕುಲಾನ ಕಡಿದಿದ್ದು ನಮ್ಮತ್ತೆ ವರ್ಷದೂಟಕ್ಕೆ. ಈ ಎಸಿಂಖಾನಣ್ಣ ಹಿರಿಯರ ಜಾಗದಲ್ಲಿ ಕೂತಿದ್ರು. ಹಿರಿಯರಿಗೇ ಮೀಸಲಾದ ಸೊಂಟದೆಲುಬಿನ ಪಾಲು ನಾನೇ ಅವರ ತಟ್ಟೆಗಿಟ್ಟೆ. ಸಾಲ ಕೊಟ್ಟಿದ್ದು ಅದಾದ ಮೇಲೆ. ಇವರ ಕಣ್ಣಿದ್ದಿದ್ದು ಕುದುರೆ ಮೇಲಲ್ಲ, ನಮ್ಮ ಮನೆ ಮೇಲೆ."

"ಮಾಂಸ ತಿಂದಿದ್ದು ಹೌದು. ಯಾವ ಕುದುರೇದು ಅಂತ ತಟ್ಟೆ ಮೇಲೆ ಬರೆದಿತ್ತಾ?"

ಮಾವ ಅವಳ ಮುಖ ನೋಡಿದ. "ಕುಲ್ಜಾನ್ ಹೋಗ್ಬಿಟ್ಟಳಾ?"

"ಹೋದ್ರು ಮಾವ."

ಮುದುಕ ಸದ್ದಿಲ್ಲದೆ ಅತ್ತ. ಕಮ್ಶಾತ್‌ಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಆಮೇಲೆ ಅವನು ತೋಳಿನಿಂದ ಕಣ್ಣೊರೆಸಿಕೊಂಡು ಎಸಿಂಖಾನ್‌ನತ್ತ ತಿರುಗಿದ.

"ಅವಳ ಊಟಕ್ಕೆ ಬಂದಿದ್ದೆಯಾ ತಮ್ಮ? ನನಗೆ ನೆನಪಾಗ್ತಿಲ್ಲ, ತಪ್ಪು ತಿಳೀಬೇಡ. ಹೊಟ್ಟೆ ತುಂಬ ಉಂಡೆಯಾ? ನಮ್ಮ ಕುಲಾ ಮಾಂಸ ಚೆನ್ನಾಗಿತ್ತಾ?"

ಸತ್ತವರ ಊಟದ ಬಗ್ಗೆ ಮನೆಯ ಹಿರಿಯ ಕೇಳಿದಾಗ ಕೂತಲ್ಲೇ ಉತ್ತರಿಸುವ, ಸುಳ್ಳು ಬೊಗಳುವ ಕಜಾಖ್ ಇನ್ನೂ ಹುಟ್ಟಿಲ್ಲ. ಎಸಿಂಖಾನ್‌ನ ಕಾಲುಗಳು ತಾವಾಗಿ ಎದ್ದವು, ಕೈ ಎದೆಗೆ ಹೋಯಿತು.

"ಉಂಡೆ ಅಣ್ಣ. ಅತ್ತಿಗೆ ಸಾಕಿದ ಕುದುರೆ ಅಲ್ವಾ, ಕುಲಾ ಕೊಬ್ಬು ನಾಲ್ಕು ಬೆರಳು ದಪ್ಪ ಇದೆ ಅಂತ ಅವತ್ತೇ ಎಲ್ಲರೂ ಹೇಳಿದ್ವಿ. ಅತ್ತಿಗೆ ಆತ್ಮಕ್ಕೆ ಶಾಂತಿ ಸಿಗಲಿ."

ವಕೀಲ ಅವನ ಕೋಟು ಜಗ್ಗುವ ಹೊತ್ತಿಗೆ ಮಾತು ಮುಗಿದಿತ್ತು. "ಹೇಳಿದ್ದನ್ನ ಹಾಗೇ ಬರ್ಕೊಳ್ಳಿ," ಎಂದರು ನ್ಯಾಯಾಧೀಶೆ.

ತೀರ್ಪು ಕೇಳಿ ಹೊರಗೆ ಬಂದಾಗ ಕಮ್ಶಾತ್ ಮಾವನ ಟೋಪಿಯನ್ನು ಕಿವಿಯ ಮೇಲೆ ಎಳೆದಳು.

"ಬೇಗ ನಡಿಯಮ್ಮ," ಎಂದ ಅವನು. "ನಿಮ್ಮತ್ತೆ ತವರಿಂದ ಬಂದು ಬಾಗಿಲಲ್ಲಿ ಕಾಯ್ತಿರ್ತಾಳೆ."

"ನಿಧಾನಕ್ಕೆ ನಡೀರಿ ಮಾವ. ಮನೆ ಇನ್ನು ಎಲ್ಲಿಗೂ ಹೋಗಲ್ಲ."