ಮೂರನೆಯ ಕೂಗು

‘ಇವಳು ಅಸಾಧಾರಣ ಪ್ರತಿಭೆಯ ಹುಡುಗಿ’ ಎಂದು ತನ್ನ ಬಗ್ಗೆ ತಾನೇ ಟೈಪು ಮಾಡಿ, ‘ಅಸಾಧಾರಣ’ವನ್ನು ಅಳಿಸಿ, ಸುತ್ತ ನೋಡಿ, ಮತ್ತೆ ಟೈಪು ಮಾಡಿದಳು. ಕೋರ್ಟಿನ ಮೆಟ್ಟಿಲ ಕೆಳಗಿನ ಆ ಜೆರಾಕ್ಸ್ ಗೂಡಿನಲ್ಲಿ ಯಾರಿಗೂ ಯಾರ ಪ್ರತಿಭೆಯೂ ಬೇಕಿರಲಿಲ್ಲ.

ಗಂಟೆ ಹನ್ನೊಂದು ನಲವತ್ತು. ಹನ್ನೆರಡಕ್ಕೆ ಅರ್ಜಿಯ ಗಡುವು. ಸಮುದ್ರದಾಚೆಯ ವಿಶ್ವವಿದ್ಯಾಲಯ, ಬೇಸಿಗೆಯ ಆರು ವಾರ, ಮಾನವ ಹಕ್ಕುಗಳ ಕಾನೂನು. ಕಿರಿಯ ವಕೀಲರಿಗೆ ಮಾತ್ರ. ವಯಸ್ಸು ಇಪ್ಪತ್ತೇಳು ದಾಟಿರಬಾರದು. ಮುಂದಿನ ತಿಂಗಳು ಅವಳು ದಾಟುತ್ತಾಳೆ.

ಉಳಿದಿದ್ದು ಶಿಫಾರಸು ಪತ್ರ ಒಂದೇ. ಬೆಳಿಗ್ಗೆ ಸೀನಿಯರ್ ಕಾರಿನಿಂದ ಇಳಿಯದೆಯೇ, ಖಾಲಿ ಲೆಟರ್‌ಹೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಬುಡದಲ್ಲಿ ಸಹಿ ಗೀಚಿದ್ದರು.

‘ಮೇಲೆ ಏನು ಬೇಕೋ ತುಂಬಿಸ್ಕೋ.’

‘ಸರ್, ನೀವೇ ಎರಡು ಸಾಲು ಹೇಳಿದ್ರೆ...’

‘ನಿನ್ನ ಬಗ್ಗೆ ನಂಗೇನಮ್ಮಾ ಗೊತ್ತು? ನೀನೇ ಹೊಗಳ್ಕೋ. ನಾಚ್ಕೋಬೇಡ, ಅಲ್ಲಿಯೋರಿಗೆ ಸಂಕೋಚ ಅರ್ಥ ಆಗಲ್ಲ.’ ಗಾಜು ಏರಿಸುತ್ತಾ, ‘ಹಾಂ, ನಾಲ್ಕನೇ ಕೋರ್ಟ್ ಹಾಲಲ್ಲಿ ಆ ಆಯಮ್ಮಂದು ಇದೆ. ನೀನೇ ನೋಡ್ಕೋ. ಒಂದು ಸಲ ವಜಾ ಆಗಿ ವಾಪಸ್ ಬಂದಿರೋ ಕೇಸು. ಇನ್ನೊಂದು ಸಲ ಹೋದ್ರೆ ಹೋಯ್ತು.’

ಎರಡೂವರೆ ವರ್ಷ ಅವರ ಫೈಲು ಹೊತ್ತಿದ್ದಳು. ಅವರಿಗೆ ಏನೂ ಗೊತ್ತಿಲ್ಲ. ವಿಚಿತ್ರವೆಂದರೆ, ಬರೆಯಲು ಕೂತಾಗ ಅವಳಿಗೂ ಗೊತ್ತಿರಲಿಲ್ಲ.

ಬೇಡದ್ದೆಲ್ಲ ಬರೆದಳು. ನಿಷ್ಠೆ, ಶ್ರದ್ಧೆ, ಸಾಮಾಜಿಕ ಕಳಕಳಿ. ಸತ್ತವರ ಬಗ್ಗೆ ಬರೆದ ಹಾಗಿತ್ತು. ಜೆರಾಕ್ಸಿನವನು ಸಹಿ ಇದ್ದ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಪರದೆಯತ್ತ ನೋಡಿದ.

‘ಮೇಡಂ, ಸಾಲದು.’

‘ಏನು ಸಾಲದು?’

‘ಹೊಗಳಿಕೆ. ಸಹಿ ಬುಡದಲ್ಲಿದೆ, ನಿಮ್ಮ ಮಾತು ಅರ್ಧಕ್ಕೇ ಮುಗಿಯುತ್ತೆ. ಮಧ್ಯೆ ಮೈದಾನ. ಇನ್ನೊಂದು ನಾಲ್ಕು ಸಾಲು ಎಳೀರಿ.’

ನಾಲ್ಕು ಸಾಲಿಗೆ ಆಗುವಷ್ಟು ಅವಳು ಇರಲಿಲ್ಲ. ಆಯಮ್ಮ ಇದ್ದಳು.

ಅರ್ಜಿಯ ಜೊತೆಗಿನ ಅವಳ ಪ್ರಬಂಧದಲ್ಲಿ ಆಯಮ್ಮ ಆಗಲೇ ಇದ್ದಳು. ‘ನೀವು ಯಾರ ದನಿಯಾಗಿದ್ದೀರಿ?’ ಎಂಬ ಪ್ರಶ್ನೆಗೆ ಸಾವಿರ ಪದಗಳ ಉತ್ತರ. ಇಪ್ಪತ್ತೆರಡು ವರ್ಷ ಶಾಲೆಯೊಂದರಲ್ಲಿ ಮಕ್ಕಳ ಅಂಡು ತೊಳೆದವಳು. ಮಂಡಿ ಸವೆದ ಮೇಲೆ ಕೂರಲು ಒಂದು ಸ್ಟೂಲು ಕೇಳಿದವಳು. ಮಾರನೆಯ ದಿನ ಗೇಟಿನಾಚೆ ನಿಂತವಳು. ಪ್ರಬಂಧ ಬರೆದ ರಾತ್ರಿ ಅವಳಿಗೆ ಕಣ್ಣೀರು ಬಂದಿತ್ತು. ಒರೆಸಿಕೊಂಡು, ಆ ವಾಕ್ಯ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದಳು.

ಇವತ್ತು ಬೆಳಿಗ್ಗೆ ಆಯಮ್ಮನನ್ನು ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿದ್ದಳು. ಕೋರ್ಟ್ ಹಾಲು ಮಹಡಿಯ ಮೇಲೆ; ಮಂಡಿ ಹತ್ತಗೊಡುವುದಿಲ್ಲ.

‘ನಾನು ಬಂದು ಕರೆಯೋವರೆಗೂ ಇಲ್ಲಿಂದ ಏಳ್ಬೇಡಿ. ಯಾರು ಕೂಗಿದ್ರೂ ಏಳ್ಬೇಡಿ. ಕೈ ಹಿಡ್ಕೊಂಡು ನಾನೇ ಹತ್ತಿಸ್ತೀನಿ.’

‘ಏಳಲ್ಲ ತಾಯಿ. ನೀನು ಹೇಳಿದ್ಮೇಲೆ ಮುಗೀತು.’

ಹನ್ನೊಂದು ಐವತ್ತೊಂದು. ಟೈಪು ಮಾಡತೊಡಗಿದಳು: ‘ಬಡ ಕಕ್ಷಿದಾರರೆಂದರೆ ಇವಳಿಗೆ ಪ್ರಾಣ. ಅವರ ಹೆಸರು ಕೂಗಿದಾಗ...’

ಮೇಲಿನಿಂದ ಹೆಸರು ಕೂಗಿದರು.

ಕೂಗುವವನಿಗೆ ಎಲ್ಲರೂ ಮೈಕು ಎನ್ನುತ್ತಿದ್ದರು. ಅವನಿಗೆ ಮೈಕು ಬೇಕಿರಲಿಲ್ಲ. ಆಯಮ್ಮನ ಪೂರ್ತಿ ಹೆಸರು, ಅಪ್ಪನ ಹೆಸರು, ಶಾಲೆಯ ಆಡಳಿತದ ಹೆಸರು ಮೆಟ್ಟಿಲಿಳಿದು ಗೂಡಿನೊಳಗೆ ಬಂದವು. ಅವಳ ಕೈ ನಿಂತಿತು.

ಇನ್ನೂ ಎರಡು ಸಲ ಕೂಗುತ್ತಾನೆ. ಇಪ್ಪತ್ತು ಮೆಟ್ಟಿಲು. ಹೋಗಿ, ಇದ್ದೀನಿ ಸ್ವಾಮಿ ಎಂದರೆ ಸಾಕು. ಆದರೆ ಸಾಕ್ಷಿ ಶುರುವಾದರೆ ಒಂದು ಗಂಟೆಗೆ ಮೊದಲು ಬಿಡುವುದಿಲ್ಲ.

‘...ಇವಳು ಒಂದು ಸಲವೂ...’

ಎರಡನೆಯ ಕೂಗು.

‘ನಿಮ್ದೇನಾ ಮೇಡಂ?’ ಜೆರಾಕ್ಸಿನವನು ಕೇಳಿದ.

‘ಅಲ್ಲ’ ಅಂದಳು. ಎಷ್ಟು ಸಲೀಸಾಗಿ ಬಂತು ಆ ಮಾತು! ಗಂಟಲಿಗೆ ತಾಗಲೇ ಇಲ್ಲ.

‘...ಗೈರುಹಾಜರಾದದ್ದಿಲ್ಲ.’

ಮೂರನೆಯ ಕೂಗಿನಲ್ಲಿ ಹೆಸರು ಅರ್ಧಕ್ಕೇ ಮುರಿಯಿತು. ಮೈಕಿಗೂ ಬೇಸರವಾಗಿರಬೇಕು. ಆಮೇಲೆ ಬೇರೆ ಯಾರದೋ ಹೆಸರು.

ಸಹಿಯ ಮೇಲೆ ಮಾತು ಕರಾರುವಾಕ್ಕಾಗಿ ಕೂತಿತು. ‘ನೋಡಿ, ಈಗ ತುಂಬ್ತು!’ ಎಂದು ಜೆರಾಕ್ಸಿನವನು ಹಾಳೆಯನ್ನು ಮಗುವಿನ ಹಾಗೆ ಎತ್ತಿ ಹಿಡಿದ. ಸ್ಕ್ಯಾನ್ ಆಯಿತು. ಹನ್ನೊಂದು ಐವತ್ತೆಂಟಕ್ಕೆ ಹೋಯಿತು.

ಆಮೇಲೆ ಓಡಿದಳು. ಓಡುವಾಗ ಕಪ್ಪು ಕೋಟು ಹಾರುತ್ತಿತ್ತು. ನೋಡಿದವರಿಗೆ ತುಂಬ ಕಾಳಜಿಯ ವಕೀಲೆ.

ಕೋರ್ಟ್ ಹಾಲಿನ ಗುಮಾಸ್ತ ತಲೆ ಎತ್ತಲಿಲ್ಲ. ‘ಆಯ್ತಲ್ಲ ಮೇಡಂ. ಮೂರು ಸಲ ಕೂಗಿದ್ರು. ಗೈರು, ವಜಾ.’

‘ಪಾರ್ಟಿ ಇದ್ರು ಸಾರ್. ಕೆಳಗೇ ಇದ್ದಾರೆ, ಬೆಳಿಗ್ಗೆಯಿಂದ.’

‘ಇರ್ಬಹುದು. ಕೆಳಗೆ ಇರೋರನ್ನ ಫೈಲಲ್ಲಿ ಹೆಂಗಮ್ಮಾ ಬರೆಯೋದು?’

‘ಮತ್ತೆ ಅರ್ಜಿ ಹಾಕಿದ್ರೆ?’

‘ಹಾಕಿ. ಯಾರು ಬೇಡ ಅಂದ್ರು? ಸಾಹೇಬ್ರು ಹೋದ ಸಲಾನೇ ಹೇಳಿದ್ರು, ಇದೇ ಕೊನೆ ಅಂತ.’ ಪುಟ ಮಗುಚಿದ. ‘ನೀವೆಲ್ಲಿ ಹೋಗಿದ್ರಿ?’

ಅವಳು ಉತ್ತರ ಹುಡುಕುತ್ತಾ ಮೆಟ್ಟಿಲಿಳಿದಳು. ಆರು ವಾರ, ಅಷ್ಟೇ. ಕಲಿತು ಬಂದ ಮೇಲೆ ಇಂಥ ನೂರು ಆಯಮ್ಮಂದಿರಿಗೆ... ವಾಕ್ಯ ತಾನಾಗಿ ಕಟ್ಟಿಕೊಳ್ಳುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಮೆಟ್ಟಿಲ ಕಂಬಿ ಹಿಡಿದುಕೊಂಡಳು.

ಆಯಮ್ಮ ಕೂರಿಸಿದಲ್ಲೇ ಕೂತಿದ್ದಳು. ನೀರಿನ ಬಾಟಲಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದೆ.

‘ಕೂಗಿದ್ರಾ ತಾಯಿ? ಮೇಲೆ ನನ್ನ ಹೆಸರಿನ ಥರಾನೇ ಕೇಳಿಸ್ತು. ಏಳೋಕೆ ಹೋದೆ. ನೀನು ಹೇಳಿದ್ದು ನೆನಪಾಯ್ತು, ಕೂತ್ಕೊಂಡೆ.’

ವಕೀಲೆಯ ಬಾಯಿ ತೆರೆಯಿತು. ಒಂದೇ ಮಾತು ಆಡಬೇಕಿತ್ತು.

‘ಇಲ್ಲ’ ಅಂದಳು. ‘ಇನ್ನೂ ಕೂಗಿಲ್ಲ.’

‘ಆಗ್ಲಿ ಬಿಡು, ಕಾಯೋಣ. ಕೂತ್ಕೋ ಬಾ, ಓಡಾಡಿ ಸುಸ್ತಾಗಿದೀಯ’ ಎಂದು ಆಯಮ್ಮ ಸರಿದು, ಬೆಂಚಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಅವಳು ಕೂತಳು. ಕೋಟಿನ ಜೇಬಿನಲ್ಲಿ ಫೋನು ನಡುಗಿತು: ‘ನಿಮ್ಮ ಅರ್ಜಿ ತಲುಪಿದೆ. ನಾವಾಗಿ ಕರೆಯುವವರೆಗೆ ದಯವಿಟ್ಟು ಕಾಯಿರಿ.’

ಊಟದ ಬಿಡುವಿಗೆ ಮೊಗಸಾಲೆ ಖಾಲಿಯಾಯಿತು. ನೆಲ ಒರೆಸುವವಳು ಬಕೆಟ್ಟು ತಳ್ಳಿಕೊಂಡು ಬಂದು, ಇಬ್ಬರ ಮುಖವನ್ನೂ ನೋಡದೆ, ‘ಕಾಲು’ ಅಂದಳು.

ಇಬ್ಬರೂ ಕಾಲೆತ್ತಿದರು. ಒದ್ದೆ ಬಟ್ಟೆ ಅವರ ಕೆಳಗೆ ಹಾಯ್ದು ಮುಂದೆ ಹೋಯಿತು. ಆಯಮ್ಮನ ಸವೆದ ಚಪ್ಪಲಿ, ವಕೀಲೆಯ ಪಾಲಿಶ್ ಮಾಡಿದ ಬೂಟು, ನೆಲದಿಂದ ಗೇಣು ಮೇಲೆ. ಒರೆಸುವವಳು ಮೂಲೆ ತಿರುಗಿ ಮರೆಯಾದಳು. ಇನ್ನು ಇಳಿಸಬಹುದು ಎಂದು ಯಾರೂ ಹೇಳಲಿಲ್ಲ. ಆಯಮ್ಮನ ಮಂಡಿ ನಡುಗುತ್ತಿತ್ತು. ಇಳಿಸಲಾ ಎಂಬಂತೆ ಅವಳು ವಕೀಲೆಯ ಮುಖ ನೋಡಿದಳು. ವಕೀಲೆ ಒದ್ದೆ ನೆಲವನ್ನು ನೋಡುತ್ತಾ, ಎರಡೂ ಕಾಲು ಗಾಳಿಯಲ್ಲಿ ಹಿಡಿದು ಕೂತೇ ಇದ್ದಳು.