ಮಧ್ಯಾಹ್ನ ಸ್ಟಾರ್ಟ್ ಆಗದ ಕಾರು

ಕಾರಿಗೆ ದೆವ್ವ ಹಿಡಿದಿದೆ ಅಂತ ಯಾರಾದರೂ ನನ್ನ ಗ್ಯಾರೇಜಿಗೆ ಬಂದರೆ ನಾನು ಮೊದಲು ಬ್ಯಾಟರಿ ನೋಡುತ್ತೇನೆ, ಆಮೇಲೆ ಅವರ ಮುಖ ನೋಡುತ್ತೇನೆ. ಗುಂಡ್ಲುಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೈ ಮಸಿ ಮಾಡಿಕೊಂಡಿದ್ದೇನೆ. ಇಲಿ ವೈರು ಕಡಿದದ್ದನ್ನು ಕಂಡಿದ್ದೇನೆ, ದೆವ್ವ ಕಡಿದದ್ದನ್ನು ಕಂಡಿಲ್ಲ. ಆದರೆ ರಾಚಯ್ಯನವರ ಹಳೆಯ ಬಿಳಿ ಕಾರು ವಾಪಸ್ಸು ಬಂದ ದಿನ ನನಗೆ ತಮಾಷೆ ಮಾಡಲು ಬಾಯಿ ಬರಲಿಲ್ಲ. ಅವರು ತೀರಿಕೊಂಡಿದ್ದು ಅದರ ಹಿಂದಿನ ಸೀಟಿನಲ್ಲೇ.

ರಾಚಯ್ಯನವರು ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದು ನಿವೃತ್ತರಾದವರು. ಸಾಯುವ ಹಿಂದಿನ ತಿಂಗಳು ಮೂರು ಸಲ ಬಂದಿದ್ದರು. "ಬೆಳಿಗ್ಗೆ ಏನೂ ಆಗದಿಲ್ಲ ಕಣ್ಲಾ ಶಶಿ. ದೂರ ಓಡ್ಸಿ, ಮಧ್ಯಾನ್ನದ ಬಿಸ್ಲಲ್ಲಿ ಆಫ್ ಮಾಡುದ್ರ ಮಾತ್ರ ಟಕ್ ಅಂತದ, ತಿರುಗದಿಲ್ಲ. ಅರ್ಧ ಗಂಟ ಬುಟ್ರ ತಾನೇ ಸರಿಯಾಯ್ತದ," ಎಂದಿದ್ದರು. ಹುಲಿಯ ಹೆಜ್ಜೆ ನೋಡಿ ಅದು ಹೋದ ಹೊತ್ತು ಹೇಳುತ್ತಿದ್ದ ಮನುಷ್ಯ. ಅಷ್ಟು ಬಿಡಿಸಿ ಹೇಳಿದರೂ ನಾನು ಮೂರು ಸಲವೂ ಬೆಳಿಗ್ಗೆಯೇ ಕೀ ತಿರುಗಿಸಿದೆ, ಮೂರು ಸಲವೂ ಸ್ಟಾರ್ಟ್ ಆಯಿತು. "ಕಾರಿಗೇನೂ ಆಗಿಲ್ಲ, ವಯಸ್ಸಾಗಿರದು ನಿಮ್ಗೇ," ಅಂತ ನಕ್ಕು ಕಳಿಸಿದೆ. ಮಧ್ಯಾಹ್ನ ಓಡಿಸಿ ನೋಡಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ಸೊಕ್ಕು. ಆ ನಗು ಈಗ ಊಟಕ್ಕೆ ಕೂತಾಗಲೂ ನನಗೆ ಕೇಳಿಸುತ್ತದೆ.

ಒಂಬತ್ತು ತಿಂಗಳ ಮೇಲೆ ಅವರ ಮಗ ಪ್ರದೀಪ್ ಕಾರು ತಂದ. ಹಿಂದೆ ತಾಯಿ ಪುಟ್ಟಸಿದ್ದಮ್ಮ ಕೂತಿದ್ದರು.

"ಶಶಿಯಣ್ಣ, ಅವತ್ತು ಯಾಕ್ ನಿಂತೋಯ್ತು ಅಂತ ಗೊತ್ತಾಗ್ಬೇಕು," ಎಂದ ಪ್ರದೀಪ್. "ನಾನೇ ಏನೋ ತಪ್ಪು ಮಾಡ್ಬುಟ್ನೇನೋ ಅಂತ ನಿದ್ದ ಬರದಿಲ್ಲ."

"ನೀನೇನೂ ಮಾಡ್ನಿಲ್ಲ ಕಣ," ಎಂದರು ಪುಟ್ಟಸಿದ್ದಮ್ಮ. "ನಿಮ್ಮಪ್ಪಾರೇ ಕಾರ್ ಹಿಡ್ಕಂಡಿದ್ದು. ಈಗ್ಲೂ ಒಂದೊಂದ್ಸಲ ಹಿಡ್ಕತರ. ನಾನು ಮಾತಾಡುಸ್ತ ಕೂತ್ರ ಬುಡ್ತರ."

ಅವರಿಗೆ ಹಾಗನ್ನಿಸಲು ಕಾರಣವಿತ್ತು. ಎದೆನೋವೆಂದ ರಾಚಯ್ಯನವರನ್ನು ಮಧ್ಯಾಹ್ನದ ಬಿಸಿಲಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ಯುವಾಗ, ತೆರಕಣಾಂಬಿ ದಾಟಿದ ಮೇಲೆ ಮಾರಮ್ಮನ ಗುಡಿ ಹತ್ತಿರ ಒಂದು ಚೂರು ಕರ್ಪೂರ ಹಚ್ಚಿ ಬರುತ್ತೇನೆಂದು ಪುಟ್ಟಸಿದ್ದಮ್ಮನೇ ಕಾರು ನಿಲ್ಲಿಸಿದ್ದರು. ಎಂಜಿನ್ ಗುರುಗುಡುತ್ತಿರುವಾಗ ದೇವಿಗೆ ಕೈ ಮುಗಿಯುವ ರೂಢಿ ನಮ್ಮ ಕಡೆ ಇಲ್ಲ, ಪ್ರದೀಪ್ ಆಫ್ ಮಾಡಿದ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಎದುರಿಗೆ ಏರು, ತಳ್ಳಲು ಅವನೊಬ್ಬನೇ. ಇಪ್ಪತ್ತೈದು ನಿಮಿಷ ಕೀ ತಿರುಗಿಸುತ್ತಲೇ ಇದ್ದ. ಹೆಂಡತಿಯ ತೊಡೆಯ ಮೇಲೆ ರಾಚಯ್ಯನವರ ಉಸಿರು ನಿಂತಿತು. ಅದಾದ ಮರುಕ್ಷಣವೇ ಕಾರು ಏನೂ ಆಗದಂತೆ ಸ್ಟಾರ್ಟ್ ಆಯಿತು.

"ಅವತ್ತು ಹೋದಂಗೇ ಹೋಗನ, ಬನ್ನಿ," ಎಂದೆ. ರಾಚಯ್ಯನವರು ಹೇಳಿದ ಹಾಗೆ ನೋಡದೆ ಕೆಟ್ಟಿದ್ದೆ, ಈ ಸಲ ಬಿಡುವ ಹಾಗಿರಲಿಲ್ಲ.

ಒಂದು ಗಂಟೆಗೆ ಹೊರಟೆವು. ನಾನೇ ಓಡಿಸಿದೆ. ಗುಡಿಯ ಮುಂದೆ ಆಫ್ ಮಾಡಿದೆ. ಪುಟ್ಟಸಿದ್ದಮ್ಮ ಇಳಿದು ಕರ್ಪೂರ ಹಚ್ಚಿ ಬಂದರು. ಕೀ ತಿರುಗಿಸಿದೆ. ಟಕ್. ಮತ್ತೊಮ್ಮೆ, ಟಕ್. ಹಿಂದೆ ನೋಡಬಾರದು ಅಂದುಕೊಂಡೇ ಕನ್ನಡಿಯಲ್ಲಿ ನೋಡಿದೆ. ಪುಟ್ಟಸಿದ್ದಮ್ಮ ಪಕ್ಕದ ಖಾಲಿ ಸೀಟು ಸವರುತ್ತಾ, "ಬುಡಿ, ಹೊತ್ತಾಯ್ತು," ಎಂದು ಮೆಲ್ಲಗೆ ಹೇಳುತ್ತಿದ್ದರು. ಮಲಗಿದವರನ್ನು ಎಬ್ಬಿಸುವ ದನಿ. ನನಗೆ ನಿಜಕ್ಕೂ ಭಯವಾಯಿತು.

ಇಳಿದು ಬಾನೆಟ್ ಎತ್ತಿದೆ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಪ್ರದೀಪನಿಗೆ ಕೀ ತಿರುಗಿಸಲು ಹೇಳಿದೆ. ದೀಪ ಜೋರಾಗಿ ಉರಿಯಿತು, ಮೋಟರು ಅಲುಗಲಿಲ್ಲ. ಬ್ಯಾಟರಿಯಿಂದ ಕರೆಂಟು ಬರುತ್ತಿದೆ, ಕೆಟ್ಟಿರುವುದು ಸೆಲ್ಫೇ. ಅದರ ಮೇಲೆ ಒದ್ದೆ ಬಟ್ಟೆ ಹಾಕಿ, ಒಣಗಿದಂತೆಲ್ಲ ನೀರು ಬಿಟ್ಟೆ. ಹತ್ತು ನಿಮಿಷಕ್ಕೆ ಕಾರು ಸ್ಟಾರ್ಟ್ ಆಯಿತು.

"ಬಿಸಿ ಏರುದ್ರ ಸೆಲ್ಫ್ ಹಿಡ್ಕತದ, ತಣ್ಣಗಾದ್ರ ಬುಡ್ತದ. ಅಷ್ಟೇ," ಎಂದೆ.

"ಅಂದ್ರ ಇಲ್ಲಿ ಆಫ್ ಮಾಡ್ದೆ ಇದ್ದಿದ್ರ..." ಪ್ರದೀಪ್ ಅಷ್ಟಕ್ಕೇ ನಿಲ್ಲಿಸಿ ತಾಯಿಯ ಕಡೆ ನೋಡಿದ.

ಆ ನೋಟ ಅವರನ್ನು ಮುಟ್ಟುವ ಮೊದಲೇ ನಾನು ಹೇಳಿಬಿಟ್ಟೆ. "ನಿಲ್ಸಿದ್ದು ತಪ್ಪಲ್ಲ. ನಿಮ್ಮಪ್ಪ ಮೂರು ಸಲ ಬಂದು ಇದನ್ನೇ ಹೇಳಿದ್ರು. ನಾನು ನೋಡ್ನಿಲ್ಲ, ನಕ್ಬುಟ್ಟೆ. ತಪ್ಪು ನಂದು."

ಪ್ರದೀಪ್ ನನ್ನ ಅಂಗಿ ಹಿಡಿದ. ಹೊಡೆಯಲಿ ಅಂತ ನಿಂತೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಕೈ ಬಿಟ್ಟು ರಸ್ತೆಯ ಆಚೆಗೆ ಹೋಗಿ ನಿಂತ.

ಪುಟ್ಟಸಿದ್ದಮ್ಮ ನನ್ನನ್ನು ಬೈಯಲಿಲ್ಲ. ನಾನು ಹೇಳಿದ ತಪ್ಪು ಅವರಿಗೆ ಕೇಳಿಸಿತೋ ಇಲ್ಲವೋ. ಖಾಲಿ ಸೀಟಿನ ಮೇಲೆ ಕೈ ಇಟ್ಟು, "ಹಂಗಾದ್ರ ಇಷ್ಟು ದಿನ ಅವ್ರು ಇದ್ರೊಳ್ಗ ಇರ್ನಿಲ್ವಪ್ಪ?" ಎಂದರು.

ನಾನು ಬಾನೆಟ್ ಮುಚ್ಚಿ ಸ್ಟೇರಿಂಗ್ ಮುಂದೆ ಬಂದು ಕೂತೆ.

"ಆಫ್ ಮಾಡಿ ಇನ್ನೊಂದ್ಸಲ ಹಾಕು."

ಹಾಕಿದೆ, ಸ್ಟಾರ್ಟ್ ಆಯಿತು.

"ಇನ್ನೊಂದ್ಸಲ."

ದೆವ್ವ ನಂಬದ ನಾನು ಒಂದೇ ಒಂದು ಸಲ ಟಕ್ ಅನ್ನಲಿ ಎಂದು ಬೇಡಿಕೊಂಡು ಕೀ ತಿರುಗಿಸಿದೆ. ಕಾರು ಮೊದಲ ಸದ್ದಿಗೇ ಸ್ಟಾರ್ಟ್ ಆಯಿತು. ಪುಟ್ಟಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು. ಗಂಡ ಸತ್ತ ಮೇಲೆ ಅವರು ಅತ್ತಿದ್ದು ಅದೇ ಮೊದಲು ಎಂದು ಪ್ರದೀಪ್ ಆಮೇಲೆ ಹೇಳಿದ.